ನಕಲಿ ವಜ್ರದೊಳಗಿನ ಉಂಗುರಗಳು

1970ರ ದಶಕದಲ್ಲಿ ಒಂದು ಹೊಸ ನಕಲಿ ವಜ್ರ ಮಾರುಕಟ್ಟೆಗೆ ಬಂತು. ಹೆಸರು ಗ್ಯಾಡೋಲಿನಿಯಂ ಗ್ಯಾಲಿಯಂ ಗಾರ್ನೆಟ್. ಬಾಯಿ ತುಂಬುವ ಹೆಸರು, ಹಾಗಾಗಿ ಎಲ್ಲರೂ ಜಿಜಿಜಿ ಅಂತಲೇ ಕರೆಯುತ್ತಾರೆ. ಹೊಳಪೇನೋ ಚೆನ್ನಾಗಿತ್ತು. ಆದರೆ ವಜ್ರದ ಎರಡರಷ್ಟು ತೂಕ, ಗಟ್ಟಿತನ ಕಡಿಮೆ, ಅತಿನೇರಳೆ ಬೆಳಕು ಬಿದ್ದರೆ ಕಂದು ಬಣ್ಣ. ಅಷ್ಟರಲ್ಲಿ ಅಗ್ಗದ ಕ್ಯೂಬಿಕ್ ಜಿರ್ಕೋನಿಯಾ ಬಂತು, ನಮ್ಮ ಅಂಗಡಿಗಳಲ್ಲಿ ‘ಅಮೆರಿಕನ್ ಡೈಮಂಡ್’ ಅಂತ ಮಾರುತ್ತಾರಲ್ಲ, ಅದು. ಜಿಜಿಜಿ ಬದಿಗೆ ಸರಿಯಿತು.

ಆಭರಣದವರು ಕೈಬಿಟ್ಟರೂ ಎಲೆಕ್ಟ್ರಾನಿಕ್ಸ್‌ನವರು ಬಿಡಲಿಲ್ಲ. ಆಗ ‘ಬಬಲ್ ಮೆಮೊರಿ’ ಅನ್ನುವ ತಂತ್ರ ಭಾರಿ ಸುದ್ದಿಯಲ್ಲಿತ್ತು. ಗಾರ್ನೆಟ್‌ನ ತೆಳು ಪದರದಲ್ಲಿ ಪುಟ್ಟ ಕಾಂತೀಯ ಗುಳ್ಳೆಗಳನ್ನು ಓಡಾಡಿಸಿ ಮಾಹಿತಿ ಇಟ್ಟುಕೊಳ್ಳುವುದು. ಆ ಪದರ ಬೆಳೆಸಲು ಅಡಿಯಲ್ಲಿ ದೋಷವಿಲ್ಲದ ಒಂದು ಹರಳಿನ ಬಿಲ್ಲೆ ಬೇಕು. ಆ ಬಿಲ್ಲೆಯೇ ಜಿಜಿಜಿ. ಮುಂದೆ ಹಾರ್ಡ್ ಡಿಸ್ಕಿನೆದುರು ಬಬಲ್ ಮೆಮೊರಿಯೂ ಸೋತಿತು. ಆದರೆ ಅಷ್ಟು ಹೊತ್ತಿಗೆ ಈ ಹರಳನ್ನು ದೊಡ್ಡದಾಗಿ, ಶುದ್ಧವಾಗಿ ಬೆಳೆಸುವುದು ಹೇಗೆ ಅಂತ ಜನ ಚೆನ್ನಾಗಿ ಕಲಿತಿದ್ದರು.

ಮೂರನೆಯ ಕೆಲಸದಲ್ಲಿ ಮಾತ್ರ ಅದು ಇನ್ನೂ ಇದೆ. ಅತಿ ಕಡಿಮೆ ತಾಪಕ್ಕೆ ಇಳಿಸುವ ಕಾಂತೀಯ ಶೀತಕ ಯಂತ್ರಗಳಲ್ಲಿ ಜಿಜಿಜಿ ಬಳಸುತ್ತಾರೆ. ವಿಧಾನ ಸರಳ. ಬಲವಾದ ಕಾಂತಕ್ಷೇತ್ರ ಕೊಟ್ಟರೆ ಒಳಗಿನ ಪರಮಾಣು ಕಾಂತಗಳೆಲ್ಲ ಒಂದೇ ಕಡೆ ತಿರುಗುತ್ತವೆ. ಆಗ ಹೊರಬಂದ ಶಾಖವನ್ನು ತೆಗೆದುಬಿಡಬೇಕು. ಆಮೇಲೆ ಹೊರಗಿನ ಸಂಪರ್ಕ ಕಡಿದು ಕ್ಷೇತ್ರವನ್ನು ಮೆಲ್ಲಗೆ ಇಳಿಸಿದರೆ ಅವು ಮತ್ತೆ ಚದುರುತ್ತವೆ. ಚದುರಲು ಬೇಕಾದ ಶಾಖವನ್ನು ಸುತ್ತಲಿನಿಂದಲೇ ಎಳೆದುಕೊಳ್ಳುತ್ತವೆ, ಸುತ್ತಲೂ ತಣ್ಣಗಾಗುತ್ತದೆ. ಇದು ನಡೆಯಬೇಕಾದರೆ ಒಂದು ಷರತ್ತಿದೆ: ಕ್ಷೇತ್ರ ಇಲ್ಲದಾಗ ಆ ಕಾಂತಗಳು ಚದುರಿಯೇ ಇರಬೇಕು, ತಾವಾಗಿ ಸಾಲುಗಟ್ಟಿ ನಿಂತುಬಿಡಬಾರದು. ಜಿಜಿಜಿಯಲ್ಲಿ ಅವು ನಿಲ್ಲುವುದಿಲ್ಲ. ನಿಲ್ಲಬೇಕಾದ ಕಡೆಯೂ ನಿಲ್ಲುವುದಿಲ್ಲ. ನಾನು ಇದರ ಬೆನ್ನು ಹತ್ತಿದ್ದು ಈ ಒಂದು ಹಟಕ್ಕಾಗಿ.

ಪ್ರತಿ ಗ್ಯಾಡೋಲಿನಿಯಂ ಅಯಾನಿನಲ್ಲೂ ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿವೆ. ಹಾಗಾಗಿ ಪ್ರತಿಯೊಂದೂ ಒಂದು ಬಲವಾದ ಪುಟ್ಟ ಕಾಂತ. ಇದನ್ನೇ ಸ್ಪಿನ್ ಅನ್ನುತ್ತೇವೆ, ಒಂದು ಬಾಣ ಅಂತ ಊಹಿಸಿಕೊಂಡರೆ ಸಾಕು. ಪಕ್ಕಪಕ್ಕದ ಬಾಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಲು ಬಯಸುತ್ತವೆ. ಈ ಬಯಕೆ ಎಷ್ಟು ಜೋರು ಅನ್ನುವುದನ್ನು ತಾಪದ ಲೆಕ್ಕದಲ್ಲೇ ಅಳೆಯಬಹುದು. ಜಿಜಿಜಿಗೆ ಅದು ಸುಮಾರು 2 ಕೆಲ್ವಿನ್ (ಸೊನ್ನೆ ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ತಣ್ಣಗೆ ಇಲ್ಲ). ಸಾಮಾನ್ಯ ವಸ್ತುವಾಗಿದ್ದರೆ ಆ ತಾಪದ ಆಸುಪಾಸಿನಲ್ಲೇ ಬಾಣಗಳು ಮೇಲೆ-ಕೆಳಗೆ-ಮೇಲೆ-ಕೆಳಗೆ ಅಂತ ಸಾಲಾಗಿ ನಿಂತುಬಿಡುತ್ತಿದ್ದವು. ಜಿಜಿಜಿಯನ್ನು 0.025 ಕೆಲ್ವಿನ್‌ವರೆಗೆ ಇಳಿಸಿದರೂ ಇಡೀ ಹರಳಿಗೆ ಹಬ್ಬುವ ಸಾಲು ಸಿಗಲಿಲ್ಲ.

ಕಾರಣ ಜ್ಯಾಮಿತಿಯಲ್ಲಿದೆ. ಇಲ್ಲಿ ಗ್ಯಾಡೋಲಿನಿಯಂ ಅಯಾನುಗಳು ತ್ರಿಕೋನಗಳ ಮೂಲೆಯಲ್ಲಿ ಕೂತಿವೆ. ತ್ರಿಕೋನದ ಒಂದು ಬಾಣ ಮೇಲೆ, ಇನ್ನೊಂದು ಕೆಳಗೆ. ಮೂರನೆಯದು ಏನು ಮಾಡಬೇಕು? ಮೇಲೆ ತಿರುಗಿದರೆ ಮೊದಲನೆಯದರ ಜೊತೆ ಜಗಳ, ಕೆಳಗೆ ತಿರುಗಿದರೆ ಎರಡನೆಯದರ ಜೊತೆ. ಮೂವರಿಗೂ ಒಟ್ಟಿಗೆ ಸಮಾಧಾನ ಮಾಡುವ ದಾರಿಯೇ ಇಲ್ಲ. ಭೌತವಿಜ್ಞಾನಿಗಳು ಇದನ್ನು ‘ಫ್ರಸ್ಟ್ರೇಷನ್’ ಅನ್ನುತ್ತಾರೆ. ಇಂಥ ತ್ರಿಕೋನಗಳ ಹಾಳೆಯ ಲೆಕ್ಕವನ್ನು ಗ್ರೆಗರಿ ವಾನಿಯೆ 1950ರಲ್ಲೇ ಬಿಡಿಸಿದ್ದ. ಬಾಣ ಮೇಲೆ ಅಥವಾ ಕೆಳಗೆ ಮಾತ್ರ ತಿರುಗಬಲ್ಲದು ಅಂತಾದರೆ, ಸೊನ್ನೆ ತಾಪದಲ್ಲೂ ಆ ಹಾಳೆ ಒಂದು ನಿಲುವಿಗೆ ಬರುವುದಿಲ್ಲ ಅಂತ ತೋರಿಸಿದ. ಅಷ್ಟೇ ಕಡಿಮೆ ಶಕ್ತಿಯ ಲೆಕ್ಕವಿಲ್ಲದಷ್ಟು ಜೋಡಣೆಗಳು ಉಳಿದುಕೊಳ್ಳುತ್ತವೆ.

ಜಿಜಿಜಿಯ ಬಾಣಗಳು ಎಲ್ಲ ದಿಕ್ಕಿಗೂ ತಿರುಗಬಲ್ಲವು. ಹಾಗಾಗಿ ಒಂದೇ ತ್ರಿಕೋನವಾಗಿದ್ದರೆ ರಾಜಿಗೆ ದಾರಿ ಇತ್ತು: ಮೂರೂ ಬಾಣಗಳು ನಡುವೆ 120 ಡಿಗ್ರಿ ಬಿಟ್ಟು ನಿಂತರೆ ಆಯಿತು. ಆದರೆ ಇಲ್ಲಿ ಪ್ರತಿ ಅಯಾನೂ ಎರಡು ತ್ರಿಕೋನಗಳಿಗೆ ಸೇರಿದೆ, ಮೂಲೆಗೆ ಮೂಲೆ ಅಂಟಿಕೊಂಡ ತ್ರಿಕೋನಗಳು ಮೂರು ಆಯಾಮದಲ್ಲಿ ಸುರುಳಿ ಸುರುಳಿಯಾಗಿ ಹಬ್ಬಿವೆ. ಸಾಲದ್ದಕ್ಕೆ ಅಂಥ ಎರಡು ಜಾಲಗಳು ಒಂದರೊಳಗೊಂದು ಹೆಣೆದುಕೊಂಡಿವೆ. ರಾಜಿಗಳು ಬೇಕಾದಷ್ಟಿವೆ. ಒಂದನ್ನೇ ಆರಿಸಿಕೊಳ್ಳಲು ಕಾರಣ ಇಲ್ಲ. ಬಾಣಗಳು ಒಂದು ರಾಜಿಯಿಂದ ಇನ್ನೊಂದಕ್ಕೆ ಜಾರುತ್ತಲೇ ಇರುತ್ತವೆ. ಪರಮಾಣುಗಳು ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿವೆ, ಬಾಣಗಳು ಮಾತ್ರ ದ್ರವದ ಹಾಗೆ. ಅದಕ್ಕೇ ‘ಸ್ಪಿನ್ ಲಿಕ್ವಿಡ್’ ಅನ್ನುವ ಹೆಸರು.

ಸ್ಪಿನ್ ಲಿಕ್ವಿಡ್ ಅಂದ ಕೂಡಲೇ ಇಂದು ಜನ ಕ್ವಾಂಟಂ ಕಂಪ್ಯೂಟರ್ ಕಡೆ ಓಡುತ್ತಾರೆ. ಅದರ ಮೂಲ ಫಿಲಿಪ್ ಆಂಡರ್ಸನ್ 1973ರಲ್ಲಿ ಮುಂದಿಟ್ಟ ಊಹೆ. ಬಾಣಗಳು ಜೋಡಿ ಜೋಡಿಯಾಗಿ ಕೈಹಿಡಿದು, ಆ ಜೋಡಿಗಳು ಬದಲಾಗುತ್ತಲೇ ಇರುವ ಒಂದು ಸ್ಥಿತಿ. ಹರ್ಬರ್ಟ್‌ಸ್ಮಿಥೈಟ್ ಅನ್ನುವ ತಾಮ್ರದ ಖನಿಜದಲ್ಲಿ ಅದನ್ನು ವರ್ಷಗಳಿಂದ ಹುಡುಕುತ್ತಿದ್ದಾರೆ. ಆ ಹುಡುಕಾಟದ ಸುತ್ತ ಸದ್ದು ಸ್ವಲ್ಪ ಜಾಸ್ತಿಯೇ ಆಗಿದೆ ಅಂತ ನನಗನ್ನಿಸುತ್ತದೆ. ಸುಮ್ನೆ ಅದನ್ನು ಇಲ್ಲಿಗೆ ಬಿಡೋಣ. ಜಿಜಿಜಿಯ ಬಾಣಗಳು ದೊಡ್ಡವು. ಕ್ವಾಂಟಂ ವಿಚಿತ್ರಗಳನ್ನು ಬಹುಮಟ್ಟಿಗೆ ಬದಿಗಿಟ್ಟೇ ಅವನ್ನು ಅರ್ಥ ಮಾಡಿಕೊಳ್ಳಬಹುದು. ಅಷ್ಟಾದರೂ ಅವು ದಶಕಗಳ ಕಾಲ ಆಟ ಆಡಿಸಿದವು.

‘ಕ್ರಮ ಇಲ್ಲ’ ಅಂತ ನಾವು ಹೇಳುವುದು ಯಾವಾಗ? ನಮ್ಮ ಉಪಕರಣಕ್ಕೆ ಕ್ರಮ ಕಾಣದಾಗ, ಅಲ್ವಾ? ಇದು ಹೊಸ ಸಮಸ್ಯೆ ಏನಲ್ಲ. ಮೇಲೆ-ಕೆಳಗೆ-ಮೇಲೆ-ಕೆಳಗೆ ಅನ್ನುವ ಸಾಲು ಈಗ ಪಠ್ಯಪುಸ್ತಕದ ಮಾತು. ಆದರೆ 1930ರ ದಶಕದಲ್ಲಿ ಲೂಯಿ ನೇಯೆಲ್ ಅದನ್ನು ಮುಂದಿಟ್ಟಾಗ ನಂಬದವರು ಬಹಳ ಮಂದಿ. ಯಾಕಂದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಅರ್ಧ ಬಾಣಗಳು ಮೇಲೆ, ಅರ್ಧ ಕೆಳಗೆ, ಒಟ್ಟು ಕಾಂತತ್ವ ಸೊನ್ನೆ. ದಿಕ್ಸೂಚಿ ಹಿಡಿದರೆ ಮುಳ್ಳು ಅಲುಗುವುದಿಲ್ಲ. ಅಂದಿನ ಮಟ್ಟಿಗೆ ಅದು ಅಡಗಿದ ಕ್ರಮವೇ. ಅದನ್ನು ಹೊರಗೆಳೆದದ್ದು ನ್ಯೂಟ್ರಾನ್. ನ್ಯೂಟ್ರಾನ್‌ಗೆ ವಿದ್ಯುದಾವೇಶ ಇಲ್ಲ, ಆದರೆ ತನ್ನದೇ ಪುಟ್ಟ ಕಾಂತತ್ವ ಇದೆ. ಹರಳಿನೊಳಗೆ ನುಗ್ಗಿ, ಒಂದೊಂದು ಬಾಣದ ದಿಕ್ಕಿಗೆ ತಕ್ಕಂತೆ ಚದುರಿ ಹೊರಬರುತ್ತದೆ. 1949ರಲ್ಲಿ ಕ್ಲಿಫರ್ಡ್ ಶಲ್ ಮತ್ತು ಸ್ಯಾಮ್ಯುಯೆಲ್ ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡ್ ಮೇಲೆ ನ್ಯೂಟ್ರಾನ್ ಹಾಯಿಸಿದರು. ತಣ್ಣಗಾದಾಗ, ಚದುರಿ ಬಂದ ನ್ಯೂಟ್ರಾನ್‌ಗಳನ್ನು ಎಣಿಸಿ ಎಳೆದ ಗೆರೆಯಲ್ಲಿ ಹೊಸ ಶಿಖರಗಳು ಎದ್ದವು. ನೇಯೆಲ್ ಹೇಳಿದ್ದು ಸರಿಯಾಗಿತ್ತು. ಅವನಿಗೆ 1970ರಲ್ಲಿ ನೊಬೆಲ್ ಬಂತು, ಶಲ್‌ಗೆ 1994ರಲ್ಲಿ. ತಮಾಷೆ ಅಂದರೆ ನೇಯೆಲ್ ತನ್ನ ನೊಬೆಲ್ ಭಾಷಣದಲ್ಲಿ ಇಂಥ ವಸ್ತುಗಳು ಕುತೂಹಲಕಾರಿ, ಆದರೆ ಉಪಯೋಗವೇನೂ ಕಾಣದು ಅನ್ನುವ ಅರ್ಥದ ಮಾತಾಡಿದ್ದ. ಮುಂದೆ ಹಾರ್ಡ್ ಡಿಸ್ಕ್ ಓದುವ ಹೆಡ್‌ಗಳಲ್ಲಿ ಅಂಥದೇ ಪದರ ಬಂದು ಕೂತಿತು.

ಹಾಗಾದರೆ ಜಿಜಿಜಿಗೂ ನ್ಯೂಟ್ರಾನ್ ಹಾಯಿಸಿದರೆ ಆಯಿತಲ್ಲ? ಅಲ್ಲೊಂದು ದೊಡ್ಡ ಅಡ್ಡಿ. ಗ್ಯಾಡೋಲಿನಿಯಂ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಸ್ಥಿರವಾದ ಐಸೊಟೋಪ್‌ಗಳಲ್ಲೆಲ್ಲ ಗ್ಯಾಡೋಲಿನಿಯಂ-157ರಷ್ಟು ಹೊಟ್ಟೆಬಾಕ ಇನ್ನೊಂದಿಲ್ಲ. ಅಣು ರಿಯಾಕ್ಟರ್‌ಗಳಲ್ಲಿ ನ್ಯೂಟ್ರಾನ್‌ಗಳನ್ನು ಹತೋಟಿಯಲ್ಲಿಡಲು ಇದನ್ನೇ ಬಳಸುತ್ತಾರೆ. (ಎಂಆರ್‌ಐ ಸ್ಕ್ಯಾನ್‌ಗೆ ಮುಂಚೆ ಕೆಲವರಿಗೆ ಕೊಡುವ ಇಂಜೆಕ್ಷನ್‌ನಲ್ಲಿರುವುದೂ ಗ್ಯಾಡೋಲಿನಿಯಮ್ಮೇ. ಅಲ್ಲಿ ಬೇಕಾಗಿರುವುದು ಅದರ ಆ ಏಳು ಎಲೆಕ್ಟ್ರಾನ್‌ಗಳು.) ಕೊನೆಗೆ ಓಲೆಗ್ ಪೆಟ್ರೆಂಕೊ ಮತ್ತು ಜೊತೆಗಾರರು ನುಂಗದ ಐಸೊಟೋಪ್ ಗ್ಯಾಡೋಲಿನಿಯಂ-160ರಿಂದಲೇ ಜಿಜಿಜಿ ಮಾಡಿಸಿ ನ್ಯೂಟ್ರಾನ್ ಪ್ರಯೋಗ ನಡೆಸಿದರು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿಕ್ಕಿದ್ದು ಮುಖ್ಯವಾಗಿ ಅಗಲವಾದ ದಿಬ್ಬಗಳು. ದ್ರವಗಳಲ್ಲಿ ಸಿಗುವಂಥವು. ಹತ್ತಿರದ ಬಾಣಗಳ ನಡುವೆ ಹೊಂದಾಣಿಕೆ ಇದೆ, ದೂರ ಹೋದಂತೆ ಮರೆತುಹೋಗುತ್ತದೆ ಅಂತ ಅದರ ಅರ್ಥ. ತೀರಾ ತಣ್ಣಗಾದಾಗ ಕೆಲವು ಚೂಪು ಗುರುತುಗಳೂ ಎದ್ದವು, ಆದರೆ ಪೂರ್ತಿ ಸಾಲಿನ ಸಾಕ್ಷಿ ಅಲ್ಲ.

ಇದೇ ಹೊತ್ತಿಗೆ ಇನ್ನೊಂದು ವಸ್ತುವಿನ ಕಥೆ ನಡೆಯುತ್ತಿತ್ತು. ಅದರಲ್ಲಿ ಬೆಂಗಳೂರಿಗೂ ಪಾಲಿದೆ.

ಡಿಸ್ಪ್ರೋಸಿಯಂ ಟೈಟನೇಟ್‌ನಲ್ಲಿ ಅಯಾನುಗಳು ನಾಲ್ಕು ಮೂಲೆಯ ಟೆಟ್ರಾಹೆಡ್ರನ್‌ಗಳ ಮೇಲೆ ಕೂತಿವೆ. ಪ್ರತಿ ಬಾಣ ಒಳಗೆ ಅಥವಾ ಹೊರಗೆ ಮಾತ್ರ ತೋರಿಸಬಲ್ಲದು. ಎರಡು ಒಳಗೆ, ಎರಡು ಹೊರಗೆ ಇದ್ದರೆ ಶಕ್ತಿ ಅತಿ ಕಡಿಮೆ. ಒಟ್ಟು 16 ಜೋಡಣೆಗಳಲ್ಲಿ 6 ಈ ನಿಯಮಕ್ಕೆ ಒಪ್ಪುತ್ತವೆ. ನಮ್ಮ ಮಾಮೂಲಿ ಮಂಜುಗಡ್ಡೆಯಲ್ಲೂ ಇದೇ ಲೆಕ್ಕ: ಪ್ರತಿ ಆಕ್ಸಿಜನ್ ಸುತ್ತ ನಾಲ್ಕು ಹೈಡ್ರೋಜನ್, ಎರಡು ಹತ್ತಿರ, ಎರಡು ದೂರ. ಹೀಗಾಗಿ ಮಂಜುಗಡ್ಡೆಯನ್ನು ಎಷ್ಟು ತಣ್ಣಗೆ ಮಾಡಿದರೂ ಸ್ವಲ್ಪ ಎಂಟ್ರೋಪಿ, ಅಂದರೆ ಗೊಂದಲದ ಅಳತೆ, ಉಳಿದುಬಿಡುತ್ತದೆ ಅಂತ ಲೈನಸ್ ಪಾಲಿಂಗ್ 1935ರಲ್ಲಿ ಲೆಕ್ಕ ಹಾಕಿ ತೋರಿಸಿದ್ದ. ಈ ಕಾಂತೀಯ ವಸ್ತುಗಳಿಗೆ ‘ಸ್ಪಿನ್ ಐಸ್’ ಅಂತ ಹೆಸರು ಬಂದದ್ದು 1997ರಲ್ಲಿ. ಎರಡು ವರ್ಷ ಬಿಟ್ಟು, 1999ರಲ್ಲಿ, ಸ್ಪಿನ್ ಐಸ್‌ನ ಉಳಿದ ಎಂಟ್ರೋಪಿಯನ್ನು ಅಳೆದ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂತು. ಐವರು ಲೇಖಕರು. ಅಳತೆ ಅಮೆರಿಕದ ಆರ್ಥರ್ ರಾಮಿರೆಝ್ ಮತ್ತು ಸಂಗಡಿಗರದ್ದು. ಅದರಲ್ಲಿ ರಾಹುಲ್ ಸಿದ್ಧಾರ್ಥನ್ ಮತ್ತು ಬಿ. ಶ್ರೀರಾಮ್ ಶಾಸ್ತ್ರಿ ಇಬ್ಬರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಟಾಟಾ ಇನ್‌ಸ್ಟಿಟ್ಯೂಟ್ ಬಸ್ ಸ್ಟಾಪ್ ದಾಟಿ ದಿನಾ ಓಡಾಡುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಅಳತೆಯ ಉಪಾಯ ಚೆಂದವಿದೆ. ವಸ್ತುವನ್ನು ತಣ್ಣಗೆ ಮಾಡುತ್ತಾ, ಪ್ರತಿ ಹಂತದಲ್ಲೂ ಎಷ್ಟು ಶಾಖ ಹೊರಬಂತು ಅಂತ ಲೆಕ್ಕ ಇಟ್ಟುಕೊಂಡು ಹೋಗಬೇಕು. ಎಲ್ಲ ಕೂಡಿದರೆ ಎಷ್ಟು ಗೊಂದಲ ಹೊರಬಂತು ಅಂತ ಗೊತ್ತಾಗುತ್ತದೆ. ಇರಬೇಕಾದ ಒಟ್ಟು ಮೊತ್ತದಲ್ಲಿ ಮೂರನೇ ಎರಡು ಭಾಗದಷ್ಟು ಮಾತ್ರ ಲೆಕ್ಕಕ್ಕೆ ಸಿಕ್ಕಿತು. ಪಾಲಿಂಗ್ ಸೂತ್ರದ ಪ್ರಕಾರ ಸುಮಾರು 29% ಒಳಗೇ ಉಳಿಯಬೇಕಿತ್ತು. ಹೆಚ್ಚುಕಡಿಮೆ ಅಷ್ಟೇ ಉಳಿದಿತ್ತು.

ಕಥೆ ಅಲ್ಲಿಗೇ ನಿಂತಿದ್ದರೆ ಅಚ್ಚುಕಟ್ಟಾಗಿರುತ್ತಿತ್ತು. ನಿಲ್ಲಲಿಲ್ಲ. 2001ರಲ್ಲಿ ರೋಜರ್ ಮೆಲ್ಕೊ, ಬೈರನ್ ಡೆನ್ ಹೆರ್ಟಾಗ್, ಮಿಶೆಲ್ ಜಿಂಗ್ರಾಸ್ ಕಂಪ್ಯೂಟರ್‌ನಲ್ಲಿ ಸ್ಪಿನ್ ಐಸ್ ಮಾಡಿ ನೋಡಿದರು. ಒಂದೊಂದೇ ಬಾಣ ತಿರುಗಿಸುತ್ತಾ ಹೋದರೆ ಆ ಮಾದರಿ ತಣ್ಣಗಾದಂತೆ ಸಿಕ್ಕಿಬೀಳುತ್ತಿತ್ತು. ಒಂದು ಬಾಣ ತಿರುಗಿಸಿದರೆ ಎರಡು ಕಡೆ ನಿಯಮ ಮುರಿಯುತ್ತದೆ, ಅದಕ್ಕೆ ಶಕ್ತಿ ಬೇಕು, ತಣ್ಣಗಿನಲ್ಲಿ ಆ ಶಕ್ತಿ ಎಲ್ಲಿಂದ? ಅವರು ಬೇರೆ ದಾರಿ ಹಿಡಿದರು. ಬಾಣಗಳು ಒಂದರ ಹಿಂದೊಂದು ಸಾಗುವ ಒಂದು ಮುಚ್ಚಿದ ಉಂಗುರ ಹುಡುಕಿ, ಇಡೀ ಉಂಗುರವನ್ನು ಒಮ್ಮೆಗೇ ತಿರುಗಿಸಿದರು. ಆಗ ಎಲ್ಲೂ ನಿಯಮ ಮುರಿಯುವುದಿಲ್ಲ. ಹೀಗೆ ಮಾಡುತ್ತಾ ಹೋದಾಗ 0.18 ಕೆಲ್ವಿನ್ ಸುಮಾರಿಗೆ ಆ ಮಾದರಿ ಪೂರ್ತಿ ಸಾಲುಗಟ್ಟಿ ನಿಂತಿತು! ಉಳಿದ ಎಂಟ್ರೋಪಿ ಮಾಯ. ಅಂದರೆ ಕ್ರಮ ಅಲ್ಲೇ ಇತ್ತು. ಅಲ್ಲಿಗೆ ಹೋಗುವ ದಾರಿ ಒಂಟಿ ಬಾಣಕ್ಕೆ ಸಿಕ್ಕುತ್ತಿರಲಿಲ್ಲ.

ನಿಜವಾದ ಹರಳು ಏನನ್ನುತ್ತದೆ? ಡೇವಿಡ್ ಪೊಮಾರನ್‌ಸ್ಕಿ ಮತ್ತು ಸಂಗಡಿಗರು ಅತಿ ನಿಧಾನವಾಗಿ ಕಾದು ಅಳೆದು 2013ರಲ್ಲಿ ಬರೆದರು: ಸಾಕಷ್ಟು ಸಮಯ ಕೊಟ್ಟರೆ ಪಾಲಿಂಗ್ ಎಂಟ್ರೋಪಿ ಉಳಿಯುವುದಿಲ್ಲ, ಕರಗತೊಡಗುತ್ತದೆ. 2018ರಲ್ಲಿ ಬೇರೊಂದು ತಂಡ ಇಲ್ಲ, ಪಾಲಿಂಗ್ ಲೆಕ್ಕವೇ ನಿಲ್ಲುತ್ತದೆ ಅಂದಿತು. ಈ ಜಗಳದಲ್ಲಿ ನಾನು ಯಾರ ಪಕ್ಷವೂ ಅಲ್ಲ. ನನಗೆ ಕುತೂಹಲ ಬೇರೆ ಕಡೆ. ‘ಕ್ರಮ ಇಲ್ಲ’ ಅನ್ನುವ ತೀರ್ಪು ಎಷ್ಟು ಹೊತ್ತು ಕಾದಿರಿ ಅನ್ನುವುದರ ಮೇಲೂ ನಿಂತಿದೆ. ಏನನ್ನು ಒಂದು ಘಟಕ ಅಂತ ಎಣಿಸಿದಿರಿ ಅನ್ನುವುದರ ಮೇಲಂತೂ ಪೂರ್ತಿ ನಿಂತಿದೆ. ಬಾಣ ಎಣಿಸಿದರೆ ಗೊಂದಲ. ಉಂಗುರ ಎಣಿಸಿದರೆ ಬೇರೆಯೇ ಉತ್ತರ.

ಈಗ ಜಿಜಿಜಿಗೆ ವಾಪಸ್ ಬರೋಣ. 2015ರಲ್ಲಿ ಜೋಸೆಫ್ ಪ್ಯಾಡಿಸನ್, ಆಂಡ್ರ್ಯೂ ಗುಡ್ವಿನ್ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಲೇಖಕರ ಪಟ್ಟಿಯಲ್ಲಿ ಪೆಟ್ರೆಂಕೊ ಕೂಡ ಇದ್ದಾನೆ. ಅವರ ವಿಧಾನದ ಹೆಸರು ರಿವರ್ಸ್ ಮಾಂಟೆ ಕಾರ್ಲೊ. ಸಿದ್ಧಾಂತ ಮೊದಲು, ಪ್ರಯೋಗ ಆಮೇಲೆ ಅನ್ನುವ ದಾರಿ ಅಲ್ಲ ಇದು. ಕಂಪ್ಯೂಟರ್‌ನಲ್ಲಿ ಜಿಜಿಜಿಯ ಜಾಲ ಕಟ್ಟಿ, ಬಾಣಗಳನ್ನು ಮನಸ್ಸಿಗೆ ಬಂದಂತೆ ಎಸೆಯಬೇಕು. ಆಮೇಲೆ ಒಂದು ಬಾಣವನ್ನು ಸ್ವಲ್ಪ ತಿರುಗಿಸಬೇಕು. ಇಂಥ ಜೋಡಣೆಯಿಂದ ನ್ಯೂಟ್ರಾನ್‌ಗಳು ಹೇಗೆ ಚದುರುತ್ತಿದ್ದವು ಅಂತ ಲೆಕ್ಕ ಹಾಕಿ, ಪ್ರಯೋಗದಲ್ಲಿ ಸಿಕ್ಕ ಗೆರೆಗೆ ಹೋಲಿಸಬೇಕು. ಹತ್ತಿರ ಬಂತೋ, ಇಟ್ಟುಕೊ. ದೂರ ಹೋಯಿತೋ, ಬಹುತೇಕ ಬಿಟ್ಟುಬಿಡು. ಮತ್ತೆ ಮತ್ತೆ ಇದೇ. ಕೊನೆಗೆ ಪ್ರಯೋಗಕ್ಕೆ ಹೊಂದುವ ಬಾಣಗಳ ನಕ್ಷೆಗಳು ಕೈಗೆ ಬರುತ್ತವೆ.

ಆ ನಕ್ಷೆಗಳನ್ನು ನೇರವಾಗಿ ನೋಡಿದರೆ ಬರೀ ಗೊಂದಲ. ಅವರು ಒಂಟಿ ಬಾಣಗಳನ್ನು ಬಿಟ್ಟು ಉಂಗುರಗಳನ್ನು ನೋಡಿದರು. ಈ ಜಾಲದಲ್ಲಿ ತ್ರಿಕೋನಗಳನ್ನು ಬಿಟ್ಟರೆ ಅತಿ ಚಿಕ್ಕ ಮುಚ್ಚಿದ ದಾರಿ ಅಂದರೆ ಹತ್ತು ಅಯಾನುಗಳ ಉಂಗುರ. ಹತ್ತು ಅನ್ನುವುದು ಸಮ ಸಂಖ್ಯೆ, ಅದೇ ಗುಟ್ಟು. ಮೂರರಲ್ಲಿ ಮೇಲೆ-ಕೆಳಗೆ ಹೊಂದಿಸಲು ಆಗದು, ಹತ್ತರಲ್ಲಿ ಆಗುತ್ತದೆ. ಉಂಗುರದ ಬಾಣಗಳನ್ನು ಒಂದು ಬಿಟ್ಟು ಒಂದು ತಿರುಗಿಸಿ ಕೂಡಿದರು. ಅಂದರೆ ಮೊದಲನೆಯದನ್ನು ಇದ್ದ ಹಾಗೆ, ಎರಡನೆಯದನ್ನು ಉಲ್ಟಾ, ಮೂರನೆಯದನ್ನು ಇದ್ದ ಹಾಗೆ, ಹೀಗೆ. ಪ್ರತಿ ಉಂಗುರಕ್ಕೂ ಒಂದೇ ಒಂದು ದೊಡ್ಡ ಬಾಣ ಸಿಕ್ಕಿತು. ಆ ದೊಡ್ಡ ಬಾಣಗಳು ಎಲ್ಲೆಂದರಲ್ಲಿ ತೋರಿಸುತ್ತಿರಲಿಲ್ಲ. ಪ್ರತಿಯೊಂದೂ ತನ್ನ ಜಾಗಕ್ಕೆ ಗೊತ್ತಾದ ಒಂದು ಗೆರೆಗೆ ಅಂಟಿಕೊಂಡಿತ್ತು. ಇದು ಹರಳಿನ ಉದ್ದಕ್ಕೂ ಹೌದು.

ಕೋಲಾಟದ ಹಾಗೆ ಅಂದುಕೊಳ್ಳಿ. ಗುಂಪಿನಲ್ಲಿ ಒಬ್ಬಳನ್ನೇ ದಿಟ್ಟಿಸಿ ನೋಡಿದರೆ ಅವಳ ಮುಖ ಕ್ಷಣಕ್ಕೊಂದು ಕಡೆ, ಕೋಲು ಇನ್ನೊಂದು ಕಡೆ. ಇಡೀ ಸುತ್ತನ್ನು ನೋಡಿದರೆ ಮಾತ್ರ ಎದುರುಬದುರಾದ ಜೋಡಿಗಳ ಲೆಕ್ಕ ಕಾಣುತ್ತದೆ. ಜಿಜಿಜಿಯಲ್ಲಿ ಕ್ರಮ ಇರುವುದು ಆಟಗಾರರಲ್ಲಿ ಅಲ್ಲ, ಸುತ್ತಿನಲ್ಲಿ.

ಇಲ್ಲೊಂದು ಸೂಕ್ಷ್ಮ ಇದೆ. ದೊಡ್ಡ ಬಾಣ ಆ ಗೆರೆಯ ಮೇಲೆ ಇದೆ ಅನ್ನುವುದು ಖಚಿತ. ತಲೆ ಯಾವ ಕಡೆ, ಬಾಲ ಯಾವ ಕಡೆ ಅನ್ನುವುದು ಖಚಿತ ಅಲ್ಲ. ಹಾಗಾಗಿ ಅದನ್ನು ಬಾಣ ಅನ್ನುವುದಕ್ಕಿಂತ ಎರಡೂ ತುದಿ ಒಂದೇ ಆದ ಕಡ್ಡಿ ಅನ್ನುವುದು ಮೇಲು. ಇಂಥ ಕಡ್ಡಿಗೆ ‘ಡೈರೆಕ್ಟರ್’ ಅನ್ನುತ್ತಾರೆ. ಈ ಮಾತು ಬಂದದ್ದು ಲಿಕ್ವಿಡ್ ಕ್ರಿಸ್ಟಲ್‌ಗಳ ಲೋಕದಿಂದ, ನಮ್ಮ ಟಿವಿ, ಕ್ಯಾಲ್ಕುಲೇಟರ್‌ಗಳ ಎಲ್‌ಸಿಡಿ ಪರದೆಯಲ್ಲಿರುವ ವಸ್ತುಗಳಿಂದ. ಅಲ್ಲೂ ಅಣುಗಳು ದ್ರವದ ಹಾಗೆ ಹರಿಯುತ್ತವೆ, ಆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಗೆರೆಗೆ ವಾಲಿರುತ್ತವೆ. ಈ ಲೋಕ ಬೆಂಗಳೂರಿಗೆ ಹೊಸದಲ್ಲ. ತಟ್ಟೆಯಾಕಾರದ ಅಣುಗಳೂ ಲಿಕ್ವಿಡ್ ಕ್ರಿಸ್ಟಲ್ ಆಗಬಲ್ಲವು ಅಂತ 1977ರಲ್ಲಿ ಮೊದಲು ತೋರಿಸಿದ್ದು ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಷ್ಟೇ ಹೀಗೆ ಮಾಡುತ್ತವೆ ಅನ್ನುವ ನಂಬಿಕೆ ಇತ್ತು.

ತಲೆ-ಬಾಲ ಇಲ್ಲದ ಕಡ್ಡಿಯ ಕ್ರಮ ನ್ಯೂಟ್ರಾನ್‌ಗೆ ನೇರವಾಗಿ ಯಾಕೆ ಕಾಣುವುದಿಲ್ಲ ಅನ್ನುವುದೂ ಈಗ ಅರ್ಥವಾಗುತ್ತದೆ. ನ್ಯೂಟ್ರಾನ್ ಕೇಳುವ ಪ್ರಶ್ನೆ ಒಂದೇ: ಇಲ್ಲಿನ ಬಾಣಕ್ಕೂ ಅಲ್ಲಿನ ಬಾಣಕ್ಕೂ ಸಂಬಂಧ ಏನು? ತಲೆಗಳು ಅಡ್ಡಾದಿಡ್ಡಿ ಇದ್ದರೆ ಉತ್ತರ ಸೊನ್ನೆಗೆ ಬಂದು ನಿಲ್ಲುತ್ತದೆ. ಹತ್ತು ಬಾಣಗಳನ್ನು ಒಟ್ಟಿಗೆ ವಿಚಾರಿಸುವ ಉಪಕರಣ ನಮ್ಮಲ್ಲಿಲ್ಲ. ಅಗಲವಾದ ಆ ದಿಬ್ಬಗಳ ಆಕಾರದಲ್ಲಿ ಪರೋಕ್ಷವಾಗಿ ಮಾತ್ರ ಅದರ ಗುರುತು ಉಳಿದಿತ್ತು.

ನನಗೆ ಒಂದು ತಕರಾರು ಇದೆ. ಮ್ಯಾಂಗನೀಸ್ ಆಕ್ಸೈಡ್‌ನಲ್ಲಿ ಬಾಣಗಳು ಸಾಲುಗಟ್ಟುವಾಗ ಹರಳು ಒಂದು ಆಯ್ಕೆ ಮಾಡುತ್ತದೆ. ಇದು ಮೇಲೆ, ಅದು ಕೆಳಗೆ. ಉಲ್ಟಾ ಆಗಿದ್ದರೂ ನಡೆಯುತ್ತಿತ್ತು. ಒಂದು ಖಚಿತ ತಾಪದಲ್ಲಿ ಆ ಆಯ್ಕೆ ನಡೆಯುತ್ತದೆ. ಜಿಜಿಜಿಯ ಕಡ್ಡಿಗಳು ಹಿಡಿಯುವ ಗೆರೆಯನ್ನು ಹರಳಿನ ಆಕಾರವೇ ಮೊದಲು ಸೂಚಿಸಿಟ್ಟಿದೆ. ಹಾಗಿದ್ದರೆ ಅದು ನೇಯೆಲ್ ಅರ್ಥದ ಕ್ರಮವೇ? ಕಟ್ಟುನಿಟ್ಟಾಗಿ ಕೇಳಿದರೆ ಅಲ್ಲ ಅಂತಲೇ ನನ್ನ ಅನಿಸಿಕೆ. ‘ಅಡಗಿದ ಕ್ರಮ’ ಅನ್ನುವ ಮಾತನ್ನು ಪತ್ರಿಕೆಗಳು ಪ್ರೀತಿಸುತ್ತವೆ, ಅದಕ್ಕೆ ಸ್ವಲ್ಪ ರಿಯಾಯಿತಿ ಕೊಡಬೇಕು. ಆದರೆ ವಿಷಯ ಅಷ್ಟಕ್ಕೆ ಸಣ್ಣದಾಗುವುದಿಲ್ಲ. ಒಂದೊಂದು ಬಾಣಕ್ಕೂ ಸ್ವಾತಂತ್ರ್ಯ ಬಿಟ್ಟು, ಹತ್ತರ ಗುಂಪಿಗೆ ಮಾತ್ರ ಶಿಸ್ತು ಹೇರುವ ವಸ್ತು ಇದೆ ಅನ್ನುವುದನ್ನು ಯಾರೂ ಮೊದಲೇ ಊಹಿಸಿರಲಿಲ್ಲ. ನೆರೆಯ ಬಾಣಗಳ ವಿರೋಧ ಮತ್ತು ಪ್ರತಿ ಬಾಣಕ್ಕೂ ಹರಳು ಕೊಡುವ ದಿಕ್ಕಿನ ಒಲವು, ಇವೆರಡೂ ಸೇರಿ ಇದು ಹುಟ್ಟುತ್ತದೆ. ಯಾವುದಾದರೂ ಒಂದೇ ಇದ್ದರೆ ಸಾಲದು.

‘ಅಡಗಿದ ಕ್ರಮ’ ಅನ್ನುವ ಹೆಸರನ್ನು ಹೆಚ್ಚು ಕಾಲದಿಂದ ಹೊತ್ತಿರುವುದು ಇನ್ನೊಂದು ವಸ್ತು: ಯುರೇನಿಯಂ, ರುಥೇನಿಯಂ, ಸಿಲಿಕಾನ್ ಸೇರಿದ ಒಂದು ಲೋಹ. 17.5 ಕೆಲ್ವಿನ್‌ನಲ್ಲಿ ಅದರೊಳಗೆ ಏನೋ ದೊಡ್ಡದೇ ಬದಲಾಗುತ್ತದೆ ಅಂತ 1985ರಿಂದ ಗೊತ್ತು. ಶಾಖದ ಅಳತೆಯಲ್ಲಿ ಎದ್ದು ಕಾಣುವ ಏರಿಳಿತ ಇದೆ. ಏನು ಬದಲಾಯಿತು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ, ಸಿದ್ಧಾಂತಗಳು ಮಾತ್ರ ಡಜನ್‌ಗಟ್ಟಲೆ. ಅಲ್ಲಿ ಜಿಜಿಜಿಯದಕ್ಕೆ ಉಲ್ಟಾ ಪರಿಸ್ಥಿತಿ. ಅಲ್ಲಿ ಆಯ್ಕೆ ನಡೆದದ್ದು ಖಚಿತ, ಆರಿಸಿದ್ದು ಏನು ಅಂತ ಗೊತ್ತಿಲ್ಲ.

ಉಂಗುರಗಳು ಜಿಜಿಜಿಗೇ ಮೀಸಲೋ ಅನ್ನುವ ಸಂಶಯ ನನಗೆ ಮೊದಲಿಗೆ ಇತ್ತು. 2021ರಲ್ಲಿ ಗ್ಯಾಡೋಲಿನಿಯಂ ಬದಲು ಯಿಟರ್ಬಿಯಂ ಇರುವ ಗಾರ್ನೆಟ್‌ನ ಅಧ್ಯಯನ ಬಂತು. ಜಾಲ ಅದೇ, ಕೂತಿರುವ ಅಯಾನು ಮಾತ್ರ ಬೇರೆ. ಅಲ್ಲಿ ಬಾಣ ತೀರಾ ಚಿಕ್ಕದು, ಕ್ವಾಂಟಂ ಲೆಕ್ಕವನ್ನು ಬದಿಗಿಡಲು ಬರುವುದಿಲ್ಲ. ಒಲವುಗಳೂ ಬೇರೆ, ನೆರೆಯವರ ನಡುವಿನ ಬಲವೂ ಬೇರೆ. ಅದೇ ರಿವರ್ಸ್ ಮಾಂಟೆ ಕಾರ್ಲೊ ಓಡಿಸಿ ನೋಡಿದರು. ಅಲ್ಲೂ ಹತ್ತರ ಉಂಗುರಗಳಲ್ಲಿ ಅಂಥದೇ ಕಡ್ಡಿಗಳು ಸಿಕ್ಕವು.